ಬಣ್ಣದ ಶೆಡ್ಡಿನ ಬಾವಿ

ನೂಲಹಟ್ಟಿ, ಕೃಷ್ಣೆಯ ದಂಡೆ
ಇಸವಿ ೨೧೯೪, ಶ್ರಾವಣದ ಕೊನೆಯ ಸೋಮವಾರ

ಬಣ್ಣದ ಶೆಡ್ಡನ್ನು ಇನ್ನೂ ಕೊಂಡಿರದ, ಆದರೆ ಕೊಳ್ಳಲಿರುವ ಹಿರಿಯರಿಗೆ ನೀಲಗಂಗಾಳ ಶರಣು.

ಮೇಲಿನ ಇಸವಿ ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಮಡಚಿಡಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು, ಆಡಿ ಕಲಿತವಳಲ್ಲ. ಅಲ್ಲಲ್ಲಿ ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಒರಟಾಗಿ ಕಂಡರೆ ಮಾತ್ರ ಅದು ಕಾಲದ ತಪ್ಪಲ್ಲ, ನನ್ನ ನಾಲಿಗೆಯದೇ ಎಂದು ನನ್ನ ತಂಗಿ ದಾನವ್ವ ಹೇಳುತ್ತಾಳೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಮ್ಮ ಪೇಟೆಯ ನಡುವೆ ನೂಲಿಗೆ ಬಣ್ಣ ಹಾಕುತ್ತಿದ್ದ ಶೆಡ್ಡನ್ನು ಗೋದಾಮಿಗೆಂದು ಕೊಂಡವರು ನೀವು ಎಂಬುದಷ್ಟೇ ಹಳೆಯ ಹರಕು ದಾಖಲೆಯೊಂದರಿಂದ ಗೊತ್ತು. ಇವತ್ತು ಆ ಅಂಗಳದಲ್ಲಿ ನಾವು ಗೆದ್ದಿದ್ದೇವೆ. ಆ ಗೆಲುವಿನಲ್ಲಿ ನಿಮ್ಮ ಪಾಲೂ ಇದೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ನಾನು ನೆಲ ಕೇಳುವವಳು. ನಿಮ್ಮಲ್ಲಿ ಹೆಣ್ಣು ಕೇಳಲು ಹೋಗುವಂತೆ, ನಮ್ಮಲ್ಲಿ ಅಂಗಡಿ, ಗೋದಾಮು, ಕಾರ್ಖಾನೆ ಕೊಳ್ಳುವ ಮೊದಲು ನೆಲ ಕೇಳಲು ಹೋಗುತ್ತಾರೆ. ಆ ಜಾಗದಲ್ಲಿ ಹಿಂದೆ ಏನಿತ್ತು, ಎಣ್ಣೆ ಚೆಲ್ಲಿತ್ತೇ, ಆಮ್ಲ ಇಂಗಿತ್ತೇ, ಪಕ್ಕದವರ ಗಲೀಜು ಇತ್ತ ಹರಿದು ಬಂದಿದೆಯೇ, ಹೊಳೆ ತುಂಬಿದರೆ ನೀರು ಎಲ್ಲಿಯವರೆಗೆ ಏರುತ್ತದೆ, ಇದೆಲ್ಲ ಸೇರಿ ನೆಲದ ಜಾತಕ. ಜಾತಕ ಕೂಡದೆ ಯಾರೂ ಮುಂಗಡ ಕೊಡುವುದಿಲ್ಲ, ಏಕೆಂದರೆ ನೆಲದೊಳಗಿನ ಕೊಳೆ ಮಾಡಿದವನನ್ನು ಬಿಟ್ಟು ಕೊಂಡವನಿಗೆ ಅಂಟಿಕೊಳ್ಳುತ್ತದೆ. ಬೇರುಗಿವಿ ಎಂಬ ನಾರು ನಮ್ಮ ಬಳಿ ಇರುತ್ತದೆ. ಅದನ್ನು ಮಣ್ಣಿಗೋ ನೀರಿಗೋ ಇಳಿಬಿಟ್ಟರೆ ವಿಷ ತಾಗಿದಲ್ಲಿ ಕಪ್ಪಾಗುತ್ತದೆ. ಎಲ್ಲದಕ್ಕೂ ಕೊನೆಯಲ್ಲಿ ನೀರಿನ ಶಾಸ್ತ್ರ. ಮಾರುವವನು ಆ ನೆಲದ ಬಾವಿಯ ನೀರನ್ನು, ಕೊಳ್ಳುವವರ ಕಣ್ಣೆದುರು, ತಾನು ಮೊದಲು ಕುಡಿಯಬೇಕು. ಕುಡಿದರೆ ವ್ಯಾಪಾರ, ಇಲ್ಲದಿದ್ದರೆ ನಮಸ್ಕಾರ.

ದಾನವ್ವ ನಮ್ಮೂರಿನ ರೊಟ್ಟಿ ಸಂಘದ ಹಿರಿಯಳು. ಊರಿನ ಶಾಲೆಗಳಿಗೆಲ್ಲ ಮಧ್ಯಾಹ್ನದ ಜೋಳದ ರೊಟ್ಟಿ ಹೋಗುವುದು ಈ ಹೆಂಗಸರ ಕೈಯಿಂದಲೇ. ಅವರ ಅಡಿಗೆಮನೆ ಹೊಳೆಯ ದಂಡೆಗಿತ್ತು. ಮಳೆಗಾಲ ಬಂತೆಂದರೆ ಒಲೆಯೊಳಗೆ ನೀರು, ಹಿಟ್ಟಿನ ಚೀಲ ಅಟ್ಟದ ಮೇಲೆ. ಅದಕ್ಕೇ ಏರಿನ ಮೇಲಿರುವ ಬಣ್ಣದ ಶೆಡ್ಡಿನ ಮೇಲೆ ಅವರ ಕಣ್ಣು. ಅದರ ಮಾಲೀಕ ಈರಸಂಗಪ್ಪನೂ ಮಾರಲು ತಯಾರಿದ್ದ. ಐದು ವರ್ಷದ ಹಿಂದಿನ ಶ್ರಾವಣದಲ್ಲಿ ತಂಗಿ ಸಂಘದ ಹೆಂಗಸರ ಜೊತೆ ನನ್ನನ್ನು ನೆಲ ಕೇಳಲು ಕರೆದೊಯ್ದಳು. ಈರಸಂಗಪ್ಪ ಬಾಗಿಲಲ್ಲೇ ಎದುರುಗೊಂಡು ಬೆಲ್ಲ, ನೀರು ಕೊಟ್ಟ. ನಮ್ಮ ಜೊತೆ ತಾನೂ ಬೆಲ್ಲ ಕಡಿದು ನಳದ ನೀರು ಕುಡಿದ. ಅಂಗಳದಲ್ಲಿ ಹೊಸದಾಗಿ ಎರೆಮಣ್ಣು ಹರಡಿತ್ತು. ಮೇಲಿಂದ ಎಷ್ಟು ಕಡೆ ಇಳಿಬಿಟ್ಟರೂ ಬೇರುಗಿವಿ ಬೆಳ್ಳಗೇ ಬಂತು. ಹಳೆಯ ಬಾವಿ ಎಲ್ಲಿ ಎಂದು ಕೇಳಿದರೆ, ಅದು ಯಾವ ಕಾಲದಲ್ಲೋ ಮುಚ್ಚಿಹೋಯಿತು ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಮತ್ತೆ ಮತ್ತೆ ಸುತ್ತಿದೆ.

ನನ್ನ ತಂಗಿಗೆ ತಾಳ್ಮೆ ಕಡಿಮೆ. "ಅಕ್ಕಾ, ನೀ ಹಿಂಗ ಎಲ್ಲಾದಕ್ಕೂ ಕೊಂಕು ತಗದ್ರ ನಾವು ಗಾಳ್ಯಾಗ ರೊಟ್ಟಿ ಬಡೀಬೇಕೇನು?" ಎಂದವಳೇ ಕೈಯಲ್ಲಿದ್ದ ಬುತ್ತಿ ಡಬ್ಬಿಯನ್ನು ಮೂಲೆಯ ಹಾಸುಗಲ್ಲಿನ ಮೇಲೆ ಕುಕ್ಕಿದಳು. ಕಲ್ಲು ಡಬ್ ಎಂದಿತು. ಗಟ್ಟಿ ನೆಲದ ಮೇಲಿನ ಕಲ್ಲು ಹಾಗೆ ಎನ್ನುವುದಿಲ್ಲ. ಸಂಘದ ಹೆಂಗಸರೇ ಸೇರಿ ಅದನ್ನು ಸರಿಸಿದರು. ಕೆಳಗೆ ಬಾವಿ ಬಾಯಿ ತೆರೆದು ಕೂತಿತ್ತು, ಆಳದಲ್ಲಿ ನೀರು ಮಿನುಗುತ್ತಿತ್ತು. ನಾನು ಒಂದು ತಂಬಿಗೆ ಸೇದಿ ಈರಸಂಗಪ್ಪನ ಮುಂದೆ ಹಿಡಿದೆ.

"ಇವತ್ತ ಶ್ರಾವಣ ಸೋಮವಾರ ಐತ್ರಿ ಅಕ್ಕಾರ, ನಂದು ಉಪವಾಸ. ಹೊತ್ತು ಮುಳುಗೂತನಾ ಹನಿ ನೀರೂ ಮುಟ್ಟಂಗಿಲ್ಲ" ಎಂದ.

ನಾನು ಬಾಯಿ ತೆರೆಯುವ ಮೊದಲೇ ದಾನವ್ವ ತಿರುಗಿದಳು. "ಮತ್ತ ಆಗಳೆ ನಮ್ಮ ಜೋಡಿ ಬೆಲ್ಲಾ ಕಡದು ನೀರು ಕುಡದ್ರೆಲ್ರಿ ಅಣ್ಣಾರ, ಅದು ಯಾವ ದೇವ್ರ ಉಪವಾಸ?"

ಅವನ ಮುಖ ನೋಡಬೇಕಿತ್ತು ನೀವು. ಬೇರುಗಿವಿಯನ್ನು ಬಾವಿಗೆ ಇಳಿಬಿಟ್ಟೆ, ಕಾಡಿಗೆಯಂತಾಗಿ ಮೇಲೆ ಬಂತು. ಬಣ್ಣದ ಜೊತೆ ಇಳಿದ ವಿಷವೆಲ್ಲ ಅಷ್ಟು ತಲೆಮಾರು ಅಲ್ಲೇ ಕೂತಿತ್ತು. ನಾವು ಹೂಂ ಎಂದಿದ್ದರೆ ಅಲ್ಲೇ ಬಾವಿ ತೋಡಿಸಿ, ಅದೇ ವಿಷದ ನೀರನ್ನು ಎಸರಿಗಿಟ್ಟು, ಅದರಲ್ಲೇ ಹಿಟ್ಟು ನಾದಿ ಊರಿನ ಮಕ್ಕಳಿಗೆಲ್ಲ ಉಣ್ಣಿಸುತ್ತಿದ್ದೆವು. "ನಮ್ಮಜ್ಜಾ ನೆಲಾ ಕೇಳದನ ತೊಗೊಂಡಿದ್ದಾ, ನಾ ಏನ್ ಮಾಡ್ಲಿ?" ಎಂದು ಈರಸಂಗಪ್ಪ ಕಟ್ಟೆಯ ಮೇಲೆ ಕುಸಿದ. ಅದೂ ಸುಳ್ಳಲ್ಲ. ಆದರೆ ತನಗೆ ಅಂಟಿದ್ದನ್ನು ನಮಗೆ ಒರೆಸಲು ಬಂದಿದ್ದನಲ್ಲ. ದಾನವ್ವ ಆ ದಿನ ಅತ್ತಳು, ಜಾಗ ಹೋಯಿತೆಂದು ಒಮ್ಮೆ, ಮಕ್ಕಳು ಉಳಿದರೆಂದು ಇನ್ನೊಮ್ಮೆ.

ಮರುದಿನ ಅವಳೇ ಅವನ ಮನೆಗೆ ಹೋಗಿ ಹೊಸ ಕರಾರಿಗೆ ಅವನನ್ನು ಒಪ್ಪಿಸಿದಳು. ನೆಲ ತೊಳೆಯುವ ಖರ್ಚು ಅವನದು, ದುಡಿಮೆ ಸಂಘದ್ದು, ನೀರು ಶುದ್ಧವಾದ ದಿನ ಜಾಗ ಸಂಘಕ್ಕೆ. ಅಂಗಳದ ತುಂಬ ಬಣ್ಣಗುಡುಕ ನೆಟ್ಟರು. ಅದು ಜೊಂಡಿನ ಜಾತಿಯ ಹುಲ್ಲು, ಮಣ್ಣಿನ ವಿಷ ಹೀರಿ ತಾನೇ ನೀಲಿಗಟ್ಟುತ್ತದೆ. ಕೊಯ್ದು ಬೇರೆಡೆ ಸುಟ್ಟು, ಬೂದಿಯನ್ನು ಗಾಜಿನಲ್ಲಿ ಬಂಧಿಸಿಡಬೇಕು, ಮತ್ತೆ ನೆಡಬೇಕು. ಬೆಳಿಗ್ಗೆ ರೊಟ್ಟಿ, ಸಂಜೆ ಹುಲ್ಲು, ಬೇಸಿಗೆಯಲ್ಲಿ ಬಾವಿ ಬರಿದು ಮಾಡಿ ಹೂಳು ಎತ್ತುವುದು. ನಡುವೆ ಒಂದು ವರ್ಷ ಹೊಳೆ ಬಂದು ದಂಡೆಯ ಅಡಿಗೆಮನೆಯಿಂದ ರೊಟ್ಟಿ ಬೇಯಿಸುವ ಹಂಚುಗಳನ್ನೇ ಕೊಚ್ಚಿಕೊಂಡು ಹೋಯಿತು. ಹೆಂಗಸರು ಊರ ಮನೆಮನೆಯ ಹಂಚು ತಂದು ರೊಟ್ಟಿ ಬಡಿದರು, ಹುಲ್ಲು ಕೊಯ್ಯುವುದನ್ನು ಮಾತ್ರ ಬಿಡಲಿಲ್ಲ. ಮೊದಮೊದಲು ದೂರ ನಿಂತಿದ್ದ ಈರಸಂಗಪ್ಪ ಎರಡನೆಯ ವರ್ಷ ಕುಡುಗೋಲು ಹಿಡಿದು ಬಂದ. ಹುಲ್ಲಿನ ನೀಲಿ ವರ್ಷದಿಂದ ವರ್ಷಕ್ಕೆ ತಿಳಿಯಾಯಿತು. ಈ ಸಲ ಹಸಿರಾಗಿಯೇ ನಿಂತಿತು.

ಇವತ್ತು ಬೇರುಗಿವಿ ಬಾವಿಯಿಂದ ಮಲ್ಲಿಗೆಯಷ್ಟು ಬೆಳ್ಳಗೆ ಬಂತು. ಊರೇ ಅಂಗಳದಲ್ಲಿ ನೆರೆದಿತ್ತು. ದಾನವ್ವ ತಂಬಿಗೆ ತುಂಬಿ, ನಗು ತಡೆದುಕೊಂಡು, ಇವತ್ತೂ ಉಪವಾಸವೇನ್ರಿ ಎಂದು ಕೇಳಿದಳು. "ಐತ್ರಿ ಅಕ್ಕಾರ. ಇದರಿಂದನ ಬಿಡ್ತೀನಿ" ಎಂದು ಈರಸಂಗಪ್ಪ ಗಟಗಟ ಕುಡಿದು, ಖಾಲಿ ತಂಬಿಗೆಯನ್ನು ಬೋರಲು ಹಾಕಿ ತೋರಿಸಿದ. ಹಲಗೆ ವಾದ್ಯಗಳು ಮೊಳಗಿದವು. ನಾನು ಅತ್ತೆನೆಂದು ತಂಗಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಅತ್ತದ್ದು ನಿಜ.

ಇನ್ನು ನಿಮ್ಮ ವಿಷಯ. ಕೊಳ್ಳುವ ಮೊದಲು ನೀವು ನೆಲ ಕೇಳಿದ್ದರೆ ಇಷ್ಟೆಲ್ಲ ನಮ್ಮ ತಲೆಗೆ ಬರುತ್ತಿರಲಿಲ್ಲ. ಗೋಡೆ ಗಟ್ಟಿ ಇದೆ, ರಸ್ತೆ ಪಕ್ಕದಲ್ಲಿದೆ ಎಂದಷ್ಟೇ ನೋಡಿ ಹಗಲು ಕಂಡ ಬಾವಿಗೆ ಇರುಳು ಬಿದ್ದಿರಿ. ನಾಲ್ಕು ಮಾತು ಬೈಯಬೇಕೆಂದೇ ಕೂತವಳು ನಾನು. ಆದರೆ ನೀವು ಆ ಬಾವಿಯನ್ನು ಮುಚ್ಚಲಿಲ್ಲ. ಖರ್ಚು ಉಳಿಸಲೋ, ಸೋಮಾರಿತನಕ್ಕೋ, ಮೇಲೊಂದು ಕಲ್ಲು ಎಳೆಸಿ ಸುಮ್ಮನಾದಿರಿ. ಮಣ್ಣು ತುಂಬಿದ್ದರೆ ನಾವು ಮೇಲಿನ ಎರೆಮಣ್ಣು ನಂಬಿ ಕೊಂಡು, ಅಲ್ಲೇ ಹೊಸ ಬಾವಿ ತೋಡಿಕೊಳ್ಳುತ್ತಿದ್ದೆವು. ಆದ್ದರಿಂದ ಕೈಮುಗಿದು ಕೇಳುತ್ತೇನೆ. ನಿಮ್ಮ ಗೌಂಡಿ ಸದ್ಯದಲ್ಲೇ ಹಾರೆ ಊರಿಕೊಂಡು ನಿಂತು, ಈ ಬಾವಿ ಮುಚ್ಚಿಬಿಡೂಣೇನ್ರಿ ಎಂದು ಕೇಳುತ್ತಾನೆ. ಬೇಡ ಎನ್ನಿ. ಆ ನೀರಿನಲ್ಲಿ ನಾದಿದ ಮೊದಲ ರೊಟ್ಟಿಯನ್ನು ದಾನವ್ವ ನಿಮ್ಮ ಹೆಸರಿನಲ್ಲಿ ತೆಗೆದಿಟ್ಟಿದ್ದಾಳೆ. ಖಡಕ್ ರೊಟ್ಟಿ, ಬೇಗ ಕೆಡುವುದಿಲ್ಲ.