ಬಾಗಿಲು ದಾಟಿದ ಮೇಲೆ

ಮೇಲ್ಮನವಿ ನೋಡುವ ಡಾಕ್ಟರ್ ಸಾಹೇಬರಿಗೆ ಸೂಲಿಬೆಲೆಯಿಂದ ನಮಸ್ಕಾರ.

ಗಡಿ ಕಾವಲಿನಲ್ಲಿ ಹಿಮದ ಮೇಲೆ ಬಿದ್ದು ಮೊಣಕಾಲು ಮುರಿದುಕೊಂಡ ನಮ್ಮ ಯಜಮಾನರು ಸೋಮವಾರ ನಿಮ್ಮ ಮುಂದೆ ಬರುತ್ತಾರೆ. ಹೋದ ಸಲ ಮಿಲಿಟರಿ ಡಾಕ್ಟರು "ಹೇಗಿದ್ದೀರಿ?" ಎಂದ ಕೂಡಲೇ ಸೆಟೆದು ನಿಂತು, "ಚೆನ್ನಾಗಿದ್ದೀನಿ ಸಾರ್!" ಅಂದುಬಿಟ್ಟರು. ಡಾಕ್ಟರು ಕಾಲು ಸರಿಯಿದೆಯೆಂದು ಬರೆದು ಅಂಗವೈಕಲ್ಯ ಪಿಂಚಣಿಯ ಅರ್ಜಿ ವಜಾ ಮಾಡಿದರು. ನಾನು ರೇಗಿದರೆ, "ಆಫೀಸರ್ ಎದುರಿಗೆ ನೋವು ಅಂತ ಹೆಂಗೆ ಹೇಳ್ಲಿ?" ಅಂತಾರೆ. ಹಾಲು ಕರೆಯಲು ಕೂತರೆ ನಾನೇ ಎಬ್ಬಿಸಬೇಕು.

ಈ ಸಲವೂ ಅದನ್ನೇ ಹೇಳುತ್ತಾರೆ. ಬಾಗಿಲವರೆಗೂ ನೆಟ್ಟಗೆ ನಡೆಯುತ್ತಾರೆ. ಆಮೇಲೆ ತಾವು ದಯವಿಟ್ಟು ಎದ್ದು ಕಿಟಕಿಯಿಂದ ನೋಡಿ. ಹೊರಗಿನ ಮೆಟ್ಟಿಲನ್ನು ನನ್ನ ಭುಜ ಹಿಡಿದು ಇಳಿಯುತ್ತಾರೆ.

ಮರೆಯಲ್ಲೇ ನಿಂತು ನೋಡಿ. ನೀವು ಕಂಡರೆ ನನ್ನ ಭುಜ ಬಿಟ್ಟುಬಿಡುತ್ತಾರೆ.

ಇಂತಿ,
ಮುನಿಗಂಗಮ್ಮ
(ಮಾಜಿ ಹವಾಲ್ದಾರ್ ಚಿಕ್ಕಬೀರಪ್ಪನವರ ಹೆಂಡತಿ)