ಅಡುಗೆಮನೆಯ ಕ್ಯಾಸೆಟ್

ಹೆರಾನ್ ಸರೋವರ, ಉತ್ತರ ಸಸ್ಕಾಚೆವಾನ್
14 ಮಾರ್ಚ್ 1994

ಮುದ್ದಿನ ಡೆಲೋರಿಸ್,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂರುತ್ತೇನೆ, ಒಲೆಗೆ ಸೌದೆ ಹಾಕುವ ನೆಪದಲ್ಲಿ ಎದ್ದುಬಿಡುತ್ತೇನೆ. ಅಪ್ಪನೂ ನೀನೂ ಅಡುಗೆಮನೆಯಲ್ಲಿ ಹಾಡಿದ ಆ ಕ್ಯಾಸೆಟ್ಟನ್ನು, ಅಪ್ಪ ತೀರಿಕೊಂಡು ವರ್ಷ ತುಂಬುವ ಊಟದ ದಿನ ಎಲ್ಲರಿಗೂ ಕೇಳಿಸೋಣ ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಹೇಳುವುದೇ ಕಷ್ಟವಾಗಿತ್ತು.

ಇಲ್ಲಿ ಸರೋವರದ ಮಂಜುಗಡ್ಡೆ ಇನ್ನೂ ಗಟ್ಟಿಯಿದೆ, ಲಾರಿಗಳು ಅದರ ಮೇಲೇ ಓಡಾಡುತ್ತಿವೆ. ಊಟಕ್ಕೆ ಮೂಸ್ ಜಿಂಕೆಯ ಮಾಂಸ ಸಿಕ್ಕಿದೆ. ಅಪ್ಪನ ಗಿಟಾರನ್ನು ಅಂದು ಅವರ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಹೆಕ್ಟರ್‌ಗೆ ಕೊಡುತ್ತೇವೆ. ಸತ್ತವರ ವಸ್ತು ಮನೆಯಲ್ಲಿಟ್ಟುಕೊಳ್ಳುವುದು ನಮ್ಮಲ್ಲಿಲ್ಲವಲ್ಲ. ವರ್ಷ ತುಂಬುವವರೆಗೆ ಸತ್ತವರ ದನಿ ಕೇಳಬಾರದೆಂದು ನಮ್ಮೂರ ರೇಡಿಯೊ ನಡೆಸುವ ನೆಪೋಲಿಯನ್ ಅಪ್ಪನ ಹಾಡು ಹಾಕುವುದನ್ನೇ ನಿಲ್ಲಿಸಿದ್ದಾನೆ. "ಬದುಕಿದ್ದಾಗ ಇಷ್ಟು ಜನ ಕೇಳಿರ್ಲಿಲ್ಲ ಕಣಕ್ಕಾ. ಈಗ ದಿನಾ ಫೋನ್ ಮಾಡಿ ನನ್ನ ಬೈತಾರೆ" ಎಂದು ನಗುತ್ತಾನೆ.

ಅಪ್ಪ ಹಾಕಿ ಅಂಗಣದ ಕುಣಿತಗಳಲ್ಲಿ ಹಾಡಲು ಶುರುಮಾಡಿದವರು, ವಿನಿಪೆಗ್ಗಿಗೆ ಹೋಗಿ ರೆಕಾರ್ಡು ಮಾಡಿದರು. ನಮ್ಮ ಕ್ರೀ ಮಾತಿನ ಹಾಡು ದಕ್ಷಿಣದವರಿಗೆ ಹಿಡಿಸಲಿಲ್ಲ. ಉತ್ತರದಲ್ಲಿ ಬೇಟೆಯವರ ಗುಡಾರಗಳಿಗೂ ಅದು ಹೋಯಿತು. ಅಪ್ಪ ಮಾತ್ರ ಊರೂರು ತಿರುಗುವ ವ್ಯಾನಿನಲ್ಲೇ ಮುದುಕರಾದರು. ಮನೆಯಲ್ಲಿದ್ದದ್ದಕ್ಕಿಂತ ರೇಡಿಯೊದಲ್ಲಿ ಇದ್ದದ್ದೇ ಹೆಚ್ಚು.

ಆ ಕ್ಯಾಸೆಟ್ ಈಗ ಇಲ್ಲ ಮಗಳೇ. ಮಣ್ಣು ಮಾಡಿದ ಮೇಲೆ ಅಪ್ಪನ ಬಟ್ಟೆಬರೆ ಸುಟ್ಟೆವಲ್ಲ, ನಿನ್ನ ದೊಡ್ಡಪ್ಪ ಇಸಾಯಾ ಅದನ್ನೂ ಬೆಂಕಿಗೆ ಹಾಕಿದ್ದಾರೆ. ಹುಡುಕಿ ಹುಡುಕಿ ಸಾಕಾಗಿ ಮೊನ್ನೆ ಕೇಳಿದಾಗ ತಿಳಿಯಿತು.

"ಅವನ ಹಾಡು ಊರೆಲ್ಲಾ ಇದೆ ಕಣಮ್ಮ. ಅಲ್ಲಿ ಒಬ್ಬನೇ ಇರ್ತಾನೆ, ಮಗಳ ದನಿ ಬೇಡ್ವಾ ಅವನಿಗೆ?" ಎಂದರು.

ಚಹಾ ಬಗ್ಗಿಸಿ ಕೊಟ್ಟೆ. ಕುಡಿದರು, ಬ್ಯಾನಕ್ ರೊಟ್ಟಿ ಮುರಿದು ಹಾಗೇ ಇಟ್ಟರು. ಆ ದನಿ ನಮಗೂ ಬೇಕಿತ್ತೆಂದು ಅವರಿಗೂ ಗೊತ್ತಾಯಿತು ಅನ್ನಿಸುತ್ತದೆ. ನೀನು ಬಂದಾಗ ಅವರೊಡನೆ ಮಾತು ಬಿಡಬೇಡ. ಬರದೆಯೂ ಇರಬೇಡ. ಆ ಹಾಡು ನಿನಗೆ ಬಾಯಿಗೆ ಬರುತ್ತದೆ, ನೀನೇ ಹಾಡು.

ದಾರಿ ಜಾರುತ್ತದೆ, ಬೆಳಕಿರುವಾಗಲೇ ಹೊರಡು. ನಮ್ಮನ್ನು ಮಾಡಿದವನು ನಿನ್ನ ಜೊತೆಗಿರಲಿ.

ನಿನ್ನ ಅಮ್ಮ,
ಫಿಲೊಮಿನಾ

ಇನ್ನೊಂದು ಮಾತು: ನೀನು ಆಗ ತೀರಾ ಚಿಕ್ಕವಳು, ನೆನಪಿರಲಾರದು. ಆ ಕ್ಯಾಸೆಟ್ಟಿನಲ್ಲಿ ಹಾಡಿನ ನಡುವೆ ಅಪ್ಪ ಗಿಟಾರು ನಿಲ್ಲಿಸಿ, "ಏ ಫಿಲೊ, ಆ ಪಾತ್ರೆ ಬಿಡೇ. ಬಾ, ಇಲ್ಲಿ ಕೂತ್ಕೋ" ಎಂದಿದ್ದರು. ಅವರ ಹಾಡುಗಳೆಲ್ಲ ಊರಿನವು. ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೊಂದರಲ್ಲೇ ಇತ್ತು.