ಗುಡ್ ಮಾರ್ನಿಂಗ್, ನಾನೊಬ್ಬಳೇ

ಆಗಸ್ಟ್ ೧೯, ಮಂಗಳವಾರ

ಸಾರಿ ಡೈರಿ, ಇನ್ಮೇಲೆ ಬರೆದು ನಿನ್ನ ತಲೆ ತಿನ್ನಲ್ಲ ಅಂತ ನಿನ್ನೆ ತಾನೇ ಆಣೆ ಮಾಡಿದ್ದೆ. ಆದ್ರೆ ಇವತ್ತಿನದು ಹೊಟ್ಟೇಲಿ ನಿಲ್ತಿಲ್ಲ.

ಕಾಲೇಜಿಗೆ ಬಂದು ಮೂರು ವಾರ, ಕ್ಲಾಸಲ್ಲಿ ಯಾರ ಹತ್ರಾನೂ ಮಾತಿಲ್ಲ. "ಭಾನುವಾರ ಬಂದು ಮನೆಗೆ ಕರ್ಕೊಂಡು ಹೋಗು" ಅಂತ ನಿನ್ನೆ ಅಕ್ಕನಿಗೆ ಮೆಸೇಜ್ ಹಾಕಿದ್ದೆ.

ಇಷ್ಟು ದಿನ ಹೇಗೋ ತಡ್ಕೊಂಡಿದ್ದೆ; ಇವತ್ತು ಮೈಮರೆತು ಕೂತಿದ್ದಾಗ ಕೆಮಿಸ್ಟ್ರಿ ಸರ್ ಬಾಗಿಲಿಗೆ ಬಂದದ್ದೇ ತಡ, ಹತ್ತು ವರ್ಷದ ಹಾಸ್ಟೆಲ್ ಸ್ಕೂಲ್ ಅಭ್ಯಾಸ ನೋಡು, ಎದ್ದು ನಿಂತು ಕೈಕಟ್ಟಿ ರಾಗವಾಗಿ "ಗುಡ್ ಮಾರ್ನಿಂಗ್ ಸಾ...ರ್" ಅಂದುಬಿಟ್ಟೆ. ನೂರು ಜನರಲ್ಲಿ ನಾನೊಬ್ಬಳೇ! ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿ ಕಾದ ಹೆಂಚು.

"ಏನಮ್ಮಾ, ಒಬ್ಬಳೇ ಹೇಳ್ತಿದ್ದೀಯಾ?" ಅಂದ್ರು ಸರ್.

ದೇವರಾಣೆ ನನ್ನ ಬಾಯಿಂದಲೇ ಬಂತು: "ನಾನು ಲೀಡರ್ ಸರ್. ಮಿಕ್ಕವರಿಗೆ ಇನ್ನೂ ಪ್ರಾಕ್ಟೀಸ್ ಸಾಲದು."

ಈ ಸಲದ ನಗು ಪೂರ್ತಿ ನನ್ನದು! ನಗ್ತಾ ನಗ್ತಾ ಸರ್ ಕೈಯಿಂದ ಡಸ್ಟರೇ ಜಾರಿಬಿತ್ತು. ಮಧ್ಯಾಹ್ನ ಕ್ಯಾಂಟೀನಲ್ಲಿ ಹಿಂದಿನ ಬೆಂಚಿನವರೆಲ್ಲ ಎದ್ದು ನಿಂತು, "ಗುಡ್ ಆಫ್ಟರ್‌ನೂನ್ ಲೀ...ಡರ್" ಅಂದ್ರು. "ಸಿಟ್ ಡೌನ್ ಚಿಲ್ಡ್ರನ್" ಅಂದು ಅವರ ನಡುವೆಯೇ ಕೂತು ಉಂಡೆ. ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ.

ಕಣ್ಣು ಎಳೀತಿದೆ. ಅಕ್ಕನಿಗೆ ಈಗಷ್ಟೇ ಕಳಿಸಿದ್ದನ್ನ ಇಲ್ಲೂ ಬರೆದಿಡ್ತೀನಿ: "ಅಕ್ಕಾ, ಭಾನುವಾರ ಬರ್ಬೇಡ. ಟಿಕೆಟ್ ಮಾಡಿಸಿಬಿಟ್ಯಾ? ಬೇಗ ರಿಪ್ಲೈ ಮಾಡೇ."